ಮಿಸೊ ಅಂಗಡಿಯಲ್ಲಿ ಉಪ್ಪು ಬಿಟ್ಟವಳು

ಮಿತ್ಸುಯೊ ಮತ್ತೆ ಪೀಪಾಯಿಗೆ ಒರಗಿ ಕುಸಿದಿದ್ದಳು. ಕಿಸಾಬುರೊ ನೀರು ಹಿಡಿದು ನಿಧಾನವಾಗಿಯೇ ಬಂದ. ಈ ಬೇಸಿಗೆಯಲ್ಲಿ ಅದೊಂದು ರೂಢಿಯಾಗಿಬಿಟ್ಟಿತ್ತು: ಸೊಸೆ ಬೀಳುವುದು, ಮಾವ ನೀರು ತರುವುದು, ಏನೂ ಆಗಿಲ್ಲವೆಂಬಂತೆ ಇಬ್ಬರೂ ಕೆಲಸಕ್ಕೆ ಮರಳುವುದು.

"ಮೀನಖಂಡ ಹಿಡ್ಕೊಂತು, ಅಷ್ಟೇ," ಅಂದಳು.

"ಅಷ್ಟೇ ಅಷ್ಟೇ ಅಂತ ಒಂದಿನ ನಿನ್ನ ಹೊತ್ಕೊಂಡು ಹೋಗ್ಬೇಕಾಗತ್ತೆ. ನಂಗೆ ಸೊಂಟ ಇಲ್ಲ, ನೆನಪಿರ್ಲಿ."

ಹೋದ ವರ್ಷ ಗಂಡ ತೊಮೆಕಿಚಿಯನ್ನು ಸೈನ್ಯಕ್ಕೆ ಕರೆಸಿಕೊಂಡು ಚೀನಾಕ್ಕೆ ಹಡಗು ಹತ್ತಿಸಿದಾಗ, ಅವಳು ಯುದ್ಧದೇವರು ಹಾಚಿಮಾನ್‌ನ ಗುಡಿಯ ಮುಂದೆ ಪದ್ಧತಿಯಂತೆ ಎರಡು ಸಲ ಚಪ್ಪಾಳೆ ತಟ್ಟಿ, ಇಡೀ ಓಣಿಗೆ ಕೇಳುವಂತೆ ಹರಕೆ ಹೊತ್ತಿದ್ದಳು. ಯುದ್ಧ ಮುಗಿಯುವವರೆಗೆ ಉಪ್ಪು ಮುಟ್ಟುವುದಿಲ್ಲ, ಅವರನ್ನು ಕಾಪಾಡು. ಯಾರಿಗೂ ಅದು ವಿಚಿತ್ರವೆನಿಸಲಿಲ್ಲ. ಕಿಸಾಬುರೊ ರಷ್ಯದವರ ಮೇಲೆ ಹೋರಾಡಲು ಹೋಗಿದ್ದಾಗ ಅವನ ಹೆಂಡತಿಯೂ ಚಹಾ ಬಿಟ್ಟಿದ್ದಳು. ಒಂದು ದಿನ ಊರಿನ ಮುಖ್ಯಸ್ಥ ಶಾಲೆಯ ಅಂಗಳದಲ್ಲಿ ಪೆಟ್ಟಿಗೆಯ ಮೇಲೆ ನಿಂತು, ಒಪ್ಪಂದವಾಯಿತು, ಯುದ್ಧ ಮುಗಿಯಿತು ಎಂದು ಓದಿದ. ಅವಳು ಮನೆಗೆ ಬಂದು ಹೊಟ್ಟೆ ಉಬ್ಬುವಷ್ಟು ಚಹಾ ಕುಡಿದು ಅತ್ತಳು. ಈ ಕತೆಯನ್ನು ಕಿಸಾಬುರೊ ಸೊಸೆಗೆ ಎಷ್ಟು ಸಲ ಹೇಳಿದ್ದನೆಂದರೆ ಅವಳಿಗೆ ಬಾಯಿಪಾಠವಾಗಿತ್ತು.

ಆದರೆ ಚಹಾ ಬೇರೆ, ಉಪ್ಪು ಬೇರೆ. ಅದರಲ್ಲೂ ಇದು ಮಿಸೊ ಮಾಡುವ ಮನೆ. ಬೆಂದ ಸೋಯಾ ಕಾಳು, ಉಪ್ಪು, ಬೂಷ್ಟು ಹಿಡಿಸಿದ ಅಕ್ಕಿ ಪೀಪಾಯಿಗಳಲ್ಲಿ ಹುದುಗಿ ಮಾಗುವ ವಾಸನೆ ಗೋಡೆಗಳಿಗೂ ಹತ್ತಿತ್ತು. ರುಚಿ ನೋಡಿ ಉಪ್ಪಿನ ಅಳತೆ ಹೇಳುತ್ತಿದ್ದ ನಾಲಗೆ ಮಿತ್ಸುಯೊಳದು. ಅದು ಬಾಗಿಲು ಹಾಕಿಕೊಂಡ ಮೇಲೆ ಉಳಿದದ್ದು ತಂಬಾಕಿನ ಕೊಳವೆ ಸೇದಿ ಸೇದಿ ಸುಟ್ಟ ಮುದುಕನ ನಾಲಗೆ.

ಅದರ ಫಲ ಹೇಳಲು ಅಂದು ಬೆಳಿಗ್ಗೆ ಓಣಿಯ ಮುಖಂಡ ಒನೊದೆರಾ ಬಂದ.

"ಅಜ್ಜ, ಮೊನ್ನೆ ಬೀಳ್ಕೊಡುಗೆ ಊಟಕ್ಕೆ ನಿಮ್ಮ ಮಿಸೊದ್ದೇ ಸಾರು. ಹಡಗು ಹತ್ತೋ ಮೊದ್ಲೇ ಹುಡುಗ ಸಮುದ್ರ ಕುಡಿದ."

"ಯುದ್ಧಕ್ಕೆ ಹೋಗೋನು, ತಿನ್ಲಿ ಬಿಡಪ್ಪ."

ಒನೊದೆರಾ ಬೀದಿಯ ಕಡೆ ನೋಡಿ ದನಿ ಇಳಿಸಿದ. "ಯುದ್ಧ ಅನ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಚೀನಾ ಘಟನೆ ಅನ್ನಿ. ಯುದ್ಧ ಘೋಷಣೆ ಆಗಿಲ್ಲ."

"ವರ್ಷ ಆಯ್ತಲ್ಲೋ. ಇನ್ನೂ ಒಳ್ಳೆ ದಿನ ಸಿಕ್ಕಿಲ್ವಾ?"

"ಘೋಷಿಸಿದ್ರೆ ಅಮೆರಿಕದವ್ರು ಕಬ್ಬಿಣ, ಎಣ್ಣೆ ಮಾರೋದು ನಿಲ್ಲಿಸ್ತಾರಂತೆ. ಅವ್ರ ಕಾಯ್ದೆ ಹಾಗಿದೆಯಂತೆ. ದೊಡ್ಡೋರ ವಿಷ್ಯ."

"ಕಬ್ಬಿಣದ ಆಸೆಗೆ ಕೂಸಿಗೆ ಹೆಸರೇ ಇಟ್ಟಿಲ್ಲ ಅನ್ನು."

"ನಾನೇನೂ ಕೇಳಿಸ್ಕೊಂಡಿಲ್ಲ ಅಜ್ಜ," ಎಂದು ಒನೊದೆರಾ ಹೊರಟ. ಹೋಗುವಾಗ ಒಂದು ಡಬ್ಬಿ ಮಿಸೊ ಮಾತ್ರ ಮರೆಯದೆ ಒಯ್ದ.

ಕಿಸಾಬುರೊ ಸೊಂಟದ ಪಟ್ಟಿಯಿಂದ ಕೊಳವೆ ಎಳೆದು ಹೊತ್ತಿಸಿದ. ತನ್ನ ಯುದ್ಧವೇನೂ ಚಿನ್ನವಲ್ಲ ಎಂದು ಅವನಿಗೆ ಗೊತ್ತಿತ್ತು. ಆಗಲೂ ಘೋಷಣೆ ಓದುವ ಮೊದಲೇ ತೋಪುಗಳು ಹಾರಿದ್ದವು. ಪಕ್ಕದಲ್ಲಿ ಮಲಗಿದ್ದವರು ಘೋಷಣೆಯಿಂದೇನೂ ಕಡಿಮೆ ಸಾಯಲಿಲ್ಲ. ಆದರೂ ಚಕ್ರವರ್ತಿಯ ಹೆಸರಿನಲ್ಲಿ ಯಾರೋ ಶುರುವಾಯಿತು ಎಂದಿದ್ದರಿಂದ, ಯಾರೋ ಬಂದು ಮುಗಿಯಿತು ಎನ್ನಲೂ ಬೇಕಾಯಿತು. ಈಗಿನ ಈ ಯುದ್ಧಕ್ಕೆ ಮುಂಬಾಗಿಲೂ ಇಲ್ಲ, ಹಿತ್ತಿಲ ಬಾಗಿಲೂ ಇಲ್ಲ. ಚಳಿಗಾಲದಲ್ಲಿ ಶತ್ರುವಿನ ರಾಜಧಾನಿ ಬಿತ್ತೆಂದು ಊರೆಲ್ಲ ಲಾಂದ್ರ ಹಿಡಿದು ಮೆರವಣಿಗೆ ಮಾಡಿತು. ಮುಗಿಯಿತೆಂದುಕೊಂಡು ಮಿತ್ಸುಯೊ ಹಬ್ಬಕ್ಕೆ ಮಾಡುವ ಕೆಂಪು ಕಾಳಿನ ಅನ್ನ ಮಾಡಿದಳು, ಚಿಟಿಕೆ ಉಪ್ಪನ್ನೂ ಬೆರಳಲ್ಲಿ ಹಿಡಿದಳು. ಯಾರಾದರೂ ಬಂದು ಹೇಳಲಿ ಎಂದು ಕಾದಳು. ಹೊಸ ವರ್ಷ ಕಳೆದ ಮೇಲೆ ಬಂದ ಸುದ್ದಿ ಬೇರೆಯೇ: ಇನ್ನು ಚೀನಾದ ಆ ಸರ್ಕಾರದ ಜೊತೆ ಸಂಧಿಯ ಮಾತೇ ಇಲ್ಲವಂತೆ.

ಮಧ್ಯಾಹ್ನ ಅವನು ಉಪ್ಪಿನಕಾಯಿ ಮೂಲಂಗಿಯ ಬಟ್ಟಲನ್ನು ಅವಳ ಕಡೆ ತಳ್ಳಿದ.

"ಒನೊದೆರಾ ಅಂದಿದ್ದು ಕೇಳಿಸ್ತಲ್ಲ? ಯುದ್ಧ ಮುಗಿಯೋವರೆಗೆ ಅಂತ ತಾನೆ ನಿನ್ನ ಹರಕೆ? ಯುದ್ಧಾನೇ ಇಲ್ಲ ಅಂತ ಸರ್ಕಾರಾನೇ ಹೇಳ್ತಿದೆ. ಹರಕೆ ಶುರುನೇ ಆಗಿಲ್ಲ. ತಿನ್ನು."

ಮಿತ್ಸುಯೊ ಬಟ್ಟಲನ್ನು ನೋಡುತ್ತಾ ಕೂತಳು.

"ಯುದ್ಧ ಇಲ್ಲ ಅಂದ್ರೆ, ಮಾವ, ದೇವ್ರು ಅವ್ರನ್ನ ಯಾವುದ್ರಿಂದ ಕಾಯ್ತಿದಾನೆ?"

ಅವನು ಮೂಲಂಗಿಯನ್ನು ತಾನೇ ತಿಂದ. ಹುಲ್ಲು ಅಗಿದಂತಿತ್ತು.

ಮರುದಿನ ಅವಳು ಬಾವಿಯ ಹತ್ತಿರ ಬಿದ್ದಳು. ಈ ಸಲ ಹಲ್ಲು ಕಚ್ಚಿಕೊಂಡಿದ್ದವು, ಬಿಡಿಸಲು ಹೊತ್ತು ಹಿಡಿಯಿತು. ಅವಳನ್ನು ಎಳೆದು ತಂದು ಮಲಗಿಸಿ, ಗಂಜಿ ಕಾಯಿಸುವಾಗ ಕಿಸಾಬುರೊ ಅದಕ್ಕೆ ಉಪ್ಪು ಹಾಕಿ ಕಲಸಿದ. ಎಷ್ಟು ಹಾಕಿದನೋ ಅವನಿಗೇ ತಿಳಿಯಲಿಲ್ಲ.

ಮೊದಲ ಗುಟುಕಿಗೇ ಮಿತ್ಸುಯೊಳ ಬಾಯಿ ನಿಂತುಬಿಟ್ಟಿತು. ಅಷ್ಟು ಕಾಲ ಖಾಲಿಯಿದ್ದ ನಾಲಗೆಯ ಮೇಲೆ ಉಪ್ಪು ಕೂಗಿಕೊಂಡಂತಾಗಿರಬೇಕು. ಅವಳು ಉಗುಳಲೂ ಇಲ್ಲ, ನುಂಗಲೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡು ಮಾವನನ್ನೇ ನೋಡಿದಳು.

"ಹೌದು. ಹಾಕಿದ್ದು ನಾನು," ಅಂದ ಕಿಸಾಬುರೊ, ಅಂಗಳದ ಕಡೆ ನೋಡುತ್ತಾ. "ದೇವ್ರು ಕೇಳಿದ್ರೆ ನನ್ನ ಹೆಸರು ಹೇಳು. ತೊಮೆಕಿಚಿ ಬಂದಾಗ ಬಾಗ್ಲು ತೆಗೆಯೋಕೆ ನೀನೇ ಇಲ್ದಿದ್ರೆ ನಾನೇನು ಹೇಳ್ಲಿ? ಘಟನೆ ಆಯ್ತು ಅನ್ಲಾ?"

ಅವಳ ಕಣ್ಣಿಂದ ನೀರಿಳಿಯಿತು. ಕೊನೆಗೆ ಗಂಟಲು ಆಡಿತು. ಆಮೇಲೆ ತಡೆಯಲಾಗದವಳಂತೆ ಬಟ್ಟಲು ಬಳಿದು ಉಂಡಳು. ಉಂಡು ಗೋಡೆ ಹಿಡಿದು ಎದ್ದು, ಬಟ್ಟಲು ತೊಳೆದಿಟ್ಟು, ಬಂದು ಅವನ ಮುಂದೆ ಕೈ ಚಾಚಿ ನಿಂತಳು.

"ಕೊಳವೆ ಕೊಡಿ."

"ಯಾಕೆ?"

"ಬರಿಗೈಲಿ ದೇವ್ರ ಮುಂದೆ ಹೋಗಲ್ಲ ನಾನು. ನನ್ನ ಬದ್ಲು ನೀವು ಏನಾದ್ರೂ ಬಿಡ್ಬೇಕು."

"ನಾನೂ ಉಪ್ಪೇ ಬಿಡ್ತೀನಮ್ಮ."

"ಇದ್ರೂ ಇಲ್ದಿದ್ರೂ ಗೊತ್ತಾಗದ ನಾಲಗೆ ನಿಮ್ದು. ದೇವ್ರಿಗೇ ಟೋಪಿ ಹಾಕ್ತೀರಾ?"

ಕಿಸಾಬುರೊ ಕೊಳವೆಯನ್ನು ಬೆರಳಲ್ಲಿ ತಿರುವಿದ. ರಷ್ಯದವರ ಮೇಲೆ ಹೋಗಿದ್ದಾಗ ಮಂಚೂರಿಯದ ಚಳಿಯಲ್ಲೂ ಜೊತೆಗಿದ್ದದ್ದು.

"ಎಲ್ಲೀವರೆಗೆ?"

ಅವಳು ಹಳೆಯ ಮಾತನ್ನೇ ಹೇಳಲು ಬಾಯಿ ತೆರೆದು, ಮುಚ್ಚಿದಳು.

"ಅವ್ರು ಈ ಹೊಸ್ತಿಲಲ್ಲಿ ನಿಂತು ಬಂದೆ ಅನ್ನೋವರೆಗೆ. ಬೇರೆ ಯಾರೂ ನಮಗೆ ಹೇಳಲ್ಲ, ಮಾವ."

ಅವನು ಕೊಟ್ಟ. ಅವಳು ಅದನ್ನು ಬಟ್ಟೆಯಲ್ಲಿ ಸುತ್ತಿ ದೇವರ ಹಲಗೆಯ ಮೇಲಿಟ್ಟು ಚಪ್ಪಾಳೆ ತಟ್ಟಿದಳು.

ಎಲೆ ಉದುರುವ ಹೊತ್ತಿಗೆ ಮುದುಕನ ನಾಲಗೆ ಅಷ್ಟಿಷ್ಟು ಎಚ್ಚರವಾಯಿತು. ಬೇಸಿಗೆಯಲ್ಲಿ ತಾನೇ ಉಪ್ಪು ಹಾಕಿದ್ದ ಪೀಪಾಯಿಗೆ ಬೆರಳದ್ದಿ ನೆಕ್ಕಿದವನ ಮುಖ ಕಿವುಚಿಕೊಂಡಿತು. ಒನೊದೆರಾ ಸುಳ್ಳು ಹೇಳಿರಲಿಲ್ಲ. ಸೊಸೆಯನ್ನು ಕರೆದ. ಅವಳೂ ನೆಕ್ಕಿದಳು.

"ಇನ್ನಷ್ಟು ಕಾಳು ಬೇಯಿಸಿ ಬೆರೆಸ್ಬೇಕು," ಅಂದಳು.

ನಿಲ್ದಾಣದ ಕಡೆಯಿಂದ ಜಯಕಾರ ಕೇಳಿಸಿತು. ಇನ್ನೊಂದು ಮನೆಯ ಹುಡುಗ ರೈಲು ಹತ್ತುತ್ತಿದ್ದ. ಇಬ್ಬರೂ ತಲೆ ಎತ್ತಲಿಲ್ಲ. ಕಿಸಾಬುರೊನ ಕೈ ತನ್ನಷ್ಟಕ್ಕೆ ಸೊಂಟದ ಪಟ್ಟಿಗೆ ಹೋಗಿ, ಅಲ್ಲಿ ಏನೂ ಸಿಗದೆ, ಹಿಂದಕ್ಕೆ ಬಂತು.