ಹೆಂಗಸರ ಗೋಡೆಯ ಪತಂಗ

ಸಂತೆ ಬಯಲಿನ ಶೌಚಾಲಯಕ್ಕೆ ಬಾಗಿಲು ಎರಡು, ದೀಪ ಒಂದು. ಆ ದೀಪ ಗಂಡಸರ ಕಡೆ, ರಸ್ತೆಗೆ ಮುಖ ಮಾಡಿದ ಬಿಳಿ ಗೋಡೆಯ ಮೇಲಿತ್ತು. ಗಂಡಸರಿಗೆ ದಾರಿ ಕಾಣಲಿ ಎಂದಲ್ಲ; ಪಂಚಾಯ್ತಿ ಅಧ್ಯಕ್ಷ ಕಮಲಾಕರ ಹೆಗಡೆಯವರ ಹೆಸರು ಕೆತ್ತಿದ ಕಲ್ಲು ಅಲ್ಲಿತ್ತು. ಹೆಸರಿಗೆ ರಾತ್ರಿಯಿಡೀ ಬೆಳಕು ಬೇಕು. ಬೆಟ್ಟದ ಕಡೆಗಿದ್ದ ಹೆಂಗಸರ ಬಾಗಿಲಿಗೆ ಹೆಸರೂ ಇರಲಿಲ್ಲ, ಬೆಳಕೂ ಇರಲಿಲ್ಲ.

ಭಾನುವಾರದ ಸಂತೆಯಲ್ಲಿ ಬಸಳೆ ಮಾರುವ ದ್ಯಾವಮ್ಮ ಮಧ್ಯಾಹ್ನದ ಮೇಲೆ ನೀರು ಕುಡಿಯುತ್ತಿರಲಿಲ್ಲ. ಮುಸ್ಸಂಜೆಯಲ್ಲಿ ಒಳಗೆ ಹೋದ ಪಕ್ಕದ ಅಂಗಡಿಯ ಗಂಗೆಯ ಪಾದದ ಮೇಲೆ ಹಾವು ಹರಿದದ್ದನ್ನು ದ್ಯಾವಮ್ಮನೇ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದ್ದಳು. ಪರಿಶೀಲಿಸುತ್ತೇವೆ ಎಂದರು. ಹಾವನ್ನೋ ಬಲ್ಬನ್ನೋ ಎಂದು ಕೇಳಿದಳು. ಸಭೆ ನಕ್ಕಿತು, ಚಹಾ ಬಂತು, ಮುಂದಿನ ವಿಷಯ ಶುರುವಾಯಿತು.

ಅಷ್ಟರಲ್ಲಿ ಶಿರಸಿಯಿಂದ ಪತಂಗದವರು ಬಂದರು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿ ಯಾವ ಪತಂಗ ಎಲ್ಲಿದೆ ಎಂದು ದಾಖಲಿಸುವ ಪರಿಸರ ತಂಡ ಅದು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ವಿನೋದಾ ಅದರ ಮುಂದಾಳು. ದ್ಯಾವಮ್ಮನ ಮಗಳು ದಿವ್ಯಾ ಹೊಸ ಸದಸ್ಯೆ. ರಾತ್ರಿ ದೀಪಕ್ಕೆ ಬಂದ ಪತಂಗಗಳು ಬೆಳಿಗ್ಗೆಯೂ ಗೋಡೆಗೆ ಅಂಟಿಕೊಂಡೇ ಇರುತ್ತವೆ. ಹಾಗಾಗಿ ಹೊತ್ತು ಮೂಡುವಾಗಲೇ ಇವರೆಲ್ಲ ಗಂಡಸರ ಗೋಡೆಯೆದುರು ಮೊಬೈಲು ಹಿಡಿದು ನಿಂತಿರುತ್ತಿದ್ದರು. ಮೂತ್ರಕ್ಕೆಂದು ಬಂದ ಗಂಡಸರು ಹೆಂಗಸರನ್ನು ಕಂಡು ಬಂದ ಹಾಗೇ ವಾಪಸು ನಡೆದರು. ತಡೆದುಕೊಳ್ಳುವುದೆಂದರೇನು ಎಂದು ಆ ಬಯಲಿನಲ್ಲಿ ಅವರಿಗೂ ಮೊದಲ ಸಲ ತಿಳಿಯಿತು.

ಕಮಲಾಕರರಿಗೆ ಮಾತ್ರ ಹಿಗ್ಗು. ತಮ್ಮ ಹೆಸರಿನ ಸುತ್ತ ಇಷ್ಟೊಂದು ಬಣ್ಣ ಕೂರುತ್ತದೆಂದು ಅವರಿಗೇ ಗೊತ್ತಿರಲಿಲ್ಲ. ಮುಂದಿನ ಸಂತೆಯ ದಿನಕ್ಕೆ ಪತ್ರಿಕೆಯವನನ್ನು ಕರೆದರು.

ಹೆಂಗಸರ ಕಡೆ ಅಪರೂಪದ್ದೊಂದು ಕಂಡಿದೆ ಎಂದು ಸುಳ್ಳು ಹೇಳಿದರೆ ಅಲ್ಲೂ ಬಲ್ಬು ಬೀಳುತ್ತದೆ ಎಂದಳು ದಿವ್ಯಾ. ವಿನೋದಾ ಒಪ್ಪಲಿಲ್ಲ. ಕಾಣದ್ದನ್ನು ಕಂಡೆವೆಂದು ಬರೆದರೆ ನಾವೂ ಪಂಚಾಯ್ತಿಯೇ ಆಗಿಬಿಡುತ್ತೇವೆ, ಈ ಕೆಲಸಕ್ಕೆ ನಿಜವೇ ಸಾಕು ಎಂದು ಅಧ್ಯಕ್ಷರಲ್ಲಿಗೆ ನಡೆದಳು. ಗಂಡಸರ ಗೋಡೆ ರಸ್ತೆಗಿದೆ, ಆಚೆಯದು ಬೆಟ್ಟಕ್ಕಿದೆ. ಅಲ್ಲಿ ದೀಪವಿಲ್ಲದೆ ಬೆಟ್ಟದ ಪತಂಗ ತಿಳಿಯುವುದು ಹೇಗೆ ಎಂದು ಕೇಳಿದಳು.

"ಪತಂಗಕ್ಕಾದ್ರೆ ಹಾಕ್ಸನ ತಂಗಿ, ಅದಕ್ಕೆಂತ," ಎಂದರು ಕಮಲಾಕರ. "ಭಾನುವಾರ ಫೋಟೋ ಆದ್ಮೇಲೆ ತೆಗಸ್ತೆ ಮತ್ತೆ. ಕರೆಂಟು ಪುಕ್ಕಟೆ ಬತ್ತಿಲ್ಲೆ."

ಮನುಷ್ಯರಿಗೆ ಸಿಗದಿದ್ದ ಬಲ್ಬು ಹುಳಕ್ಕೆ ಅಂದು ಸಂಜೆಯೇ ಸಿಕ್ಕಿತು. ವಯರಿಂಗ್ ಮಾಡುವ ರಾಘು ಗಂಡಸರ ಕಡೆಯಿಂದ ತಂತಿ ಎಳೆದು ಹೆಂಗಸರ ಬಾಗಿಲಿನ ಒಳಬದಿಗೆ ಬಲ್ಬು ಹಾಕಿದ. ಸ್ವಿಚ್ಚು ಗಂಡಸರ ಕಡೆಯೇ ಉಳಿಯಿತು. ದ್ಯಾವಮ್ಮ ಆ ಬೆಳಕಿನ ಕೆಳಗೆ ನಿಂತು ತುಸು ಹೊತ್ತು ಮೇಲೆ ನೋಡಿದಳು.

ಭಾನುವಾರ ಬೆಳಿಗ್ಗೆ ಹೆಂಗಸರ ಬಾಗಿಲಿನ ಒಳಗೋಡೆಯ ಮೇಲೆ ಎರಡು ಅಂಗೈ ಅಗಲದ ಪತಂಗ ಕೂತಿತ್ತು. ಹೆಂಚಿನ ಬಣ್ಣ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಚಿತ್ರ. ಅಟ್ಲಾಸ್ ಪತಂಗ ಎಂದು ವಿನೋದಾ ದಾಖಲಿಸಿದಳು. ಸುದ್ದಿ ಕೇಳಿ ಕಮಲಾಕರ ಇಸ್ತ್ರಿ ಅಂಗಿಯಲ್ಲಿ ಪತ್ರಿಕೆಯವನೊಂದಿಗೆ ಬಂದರು. ಬಲ್ಬು ಬಿಚ್ಚಲು ರಾಘು ಏಣಿ ಹೊತ್ತು ಹಿಂದೆ ಬಂದ. ಬಾಗಿಲಿನಲ್ಲಿ ದ್ಯಾವಮ್ಮ ಬಸಳೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ಸ್ವಲ್ಪ ಸರಿ ಮಾರಾಯ್ತಿ, ಒಂದು ಫೋಟೋ ತೆಗೆದು ಬರ್ತೇವೆ."

"ಒಳಗೆ ಹೆಂಗಸ್ರಿದಾರೆ ಹೆಗಡೇರೆ."

ನಿಜಕ್ಕೂ ಇದ್ದರು. ಒಬ್ಬಳು ಹೊರಬಂದರೆ ಇನ್ನೊಬ್ಬಳು ಒಳಗೆ. ಸಂತೆಯ ಹೆಂಗಸರಿಗೆಲ್ಲ ಅಂದು ಒಟ್ಟಿಗೇ ಅವಸರ ಬಂದಿತ್ತು. ಹೊರಬಂದವರು ಪತಂಗ ಎಷ್ಟು ಚೆಂದವಿದೆ ಎಂದು ಅಧ್ಯಕ್ಷರಿಗೆ ಕೇಳುವಂತೆ ಬಣ್ಣಿಸಿ ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತರು. ನೀನಾದರೂ ಹೇಳು ಎಂದು ಕಮಲಾಕರ ವಿನೋದಾಳ ಕಿವಿಯಲ್ಲಿ ಅಂದರು. ನಮ್ಮದು ಪತಂಗದ ಸಂಘ, ಬಾಗಿಲಿನದಲ್ಲ ಎಂದಳು ಅವಳು.

ಹುಳದ ಮೇಲೇಕೆ ಸಿಟ್ಟು ಎಂದು ಪತ್ರಿಕೆಯವನು ದ್ಯಾವಮ್ಮನನ್ನು ಕೇಳಿದ.

"ಹಾತೆ ಮ್ಯಾಲೆ ಎಂತ ಸಿಟ್ಟು? ಅದರ ದೆಸೆಯಿಂದ ಬಲ್ಬ್ ಬಂತು. ಇವತ್ತು ಫೋಟೋ ಆದ್ರೆ ಬಲ್ಬ್ ಹೋಗ್ತದಂತೆ. ಆಮೇಲೆ ನಾವು ಎಲ್ಲಿಗ್ ಹೋಗ್ಬೇಕು? ಅದನ್ನೂ ಬರ್ಕಳಿ."

ಅವನು ಬರೆದುಕೊಳ್ಳತೊಡಗಿದ. ಪೆನ್ನು ಓಡುವುದನ್ನು ಕಂಡ ಕಮಲಾಕರ, ಬಲ್ಬು ಇನ್ನು ಶಾಶ್ವತ ಎಂದು ಅಲ್ಲೇ ಘೋಷಿಸಿದರು.

"ಸ್ವಿಚ್ಚು?" ಎಂದಳು ದ್ಯಾವಮ್ಮ.

"ಅದು ಆ ಬದಿಗೇ ಇರ್ಲಿ ಬಿಡು."

"ಹಂಗಾರೆ ಫೋಟೋನೂ ಆ ಬದಿಗೇ ಹೊಡ್ಸ್ಕಳಿ."

ಸಾಲಿನಲ್ಲಿ ರಾಘುವಿನ ಹೆಂಡತಿಯೂ ನಿಂತಿದ್ದಳು. ಅಧ್ಯಕ್ಷರು ಹೂಂ ಅನ್ನುವ ಮೊದಲೇ ಅವನು ಸ್ವಿಚ್ಚು ಬಿಚ್ಚತೊಡಗಿದ್ದ. ಅವನು ಒಳಗೆ ಹೋಗಲೆಂದು ಹೆಂಗಸರು ಹೊರಬಂದರು. ಸ್ವಿಚ್ಚು ಅವರ ಬಾಗಿಲಿನ ಒಳಗೆ ಕೂತಿತು. ದ್ಯಾವಮ್ಮ ಹಾಡುಹಗಲಲ್ಲಿ ದೀಪ ಹಾಕಿದಳು, ಆರಿಸಿದಳು, ಮತ್ತೆ ಹಾಕಿದಳು. ಪತಂಗ ಅಲುಗಲಿಲ್ಲ. ಕಮಲಾಕರ ತಲೆ ಬಾಚಿಕೊಂಡು ಒಳಗೆ ಹೆಜ್ಜೆ ಇಡಲು ಕಾಲೆತ್ತಿದರು.

"ತಡೀರಿ ಹೆಗಡೇರೆ, ಬೆಳಿಗ್ಗೆ ಅಷ್ಟೇ ತೊಳ್ದದ್ದು," ಎಂದಳು ದ್ಯಾವಮ್ಮ. "ಚಪ್ಲಿ ಹೊರಗೆ ಬಿಡಿ."

ರಾಘು ಏಣಿ ಹಿಡಿದುಕೊಂಡು ಬೆಟ್ಟದ ಕಡೆ ನೋಡಿದ. ಅಧ್ಯಕ್ಷರು ಬಗ್ಗಿ ಚಪ್ಪಲಿ ಕಳಚಿದರು.