ಷಣ್ಮುಖಪ್ಪನವರ ಕಟ್ಟು

ಸಾಲಿಗ್ರಾಮದ ಸುತ್ತಮುತ್ತ ಯಾರ ಮೂಳೆ ಮುರಿದರೂ ಸೊಪ್ಪು ಅರೆದು, ಬಿದಿರು ದಬ್ಬೆ ಇಟ್ಟು ಕಟ್ಟುತ್ತಿದ್ದವರು ಷಣ್ಮುಖಪ್ಪ. ಅವರೇ ಎಪ್ಪತ್ತರ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು. ಅಷ್ಟು ಚೂರಾದ ಮೂಳೆ ಸೊಪ್ಪಿಗೆ ಕೂಡುವುದಿಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಗಳ ಮನೆಗೆ ಹೋಗುತ್ತೇನೆಂದು ಊರಿಗೆ ಸುಳ್ಳು ಹೇಳಿ, ಮೈಸೂರಿನಲ್ಲಿ ಆಪರೇಷನ್ ಮಾಡಿಸಿ ಪ್ಲೇಟ್ ಹಾಕಿಸಿಕೊಂಡು ಬಂದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ!

ಬಂದವರು ಸುಮ್ಮನಿದ್ದರೆ ಕೈಯಾದರೂ ಉಳಿಯುತ್ತಿತ್ತು. ಹೊಲಿಗೆ ಒದ್ದೆಯಾಗಬಾರದು, ಬೆರಳು ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಆದರೆ ಆಸ್ಪತ್ರೆಯ ಬ್ಯಾಂಡೇಜು ಜನರ ಕಣ್ಣಿಗೆ ಬಿದ್ದರೆ ಮಾನ ಉಳಿಯುವುದುಂಟೇ? ಅದರ ಮೇಲೆಯೇ ಹಸಿ ಸೊಪ್ಪು ಮೆತ್ತಿಸಿ, ದಬ್ಬೆ ಇಡಿಸಿ, ಬೆರಳ ತುದಿಯವರೆಗೆ ಹೆಂಡತಿ ಸುನಂದಮ್ಮನ ಕೈಯಲ್ಲಿ ಬಿಗಿಯಾಗಿ ಕಟ್ಟಿಸಿಕೊಂಡರು.

"ನಿಮ್ ಕೈಗೆ ನೀವೇ ಕಟ್ಕೊಂಡ್ರಾ ಅಪ್ಪೋರೆ?" ಎಂದು ಜನ ಬೆರಗಾಗಿ ಕೇಳಿದರೆ, "ಊ ಕಣಪ್ಪ" ಎನ್ನುತ್ತಿದ್ದರು.

ಬರಬರುತ್ತಾ ಬೆರಳುಗಳು ಸೆಟೆದುಕೊಂಡವು. ಕಟ್ಟಿನೊಳಗಿಂದ ವಾಸನೆ ಬರತೊಡಗಿತು. "ಕೀವು ತುಂಬ್ಕೊಂಡೈತೆ ಕಣ್ರೀ, ಆಸ್ಪತ್ರೆಗೆ ನಡೀರಿ" ಎಂದು ಸುನಂದಮ್ಮ ಗೋಗರೆದರೂ ಅವರು ಗದರಿಸಿ ಬಾಯಿ ಮುಚ್ಚಿಸಿದರು.

ಒಂದು ಭಾನುವಾರ ಹುಣಸೂರು ಕಡೆಯ ಮಂಟಯ್ಯ ತಾಯಿ ಚಿಕ್ಕಬೀರಮ್ಮನನ್ನು ಆಟೋದಲ್ಲಿ ಕರೆತಂದ. ಅವಳದೂ ಮಣಿಕಟ್ಟೇ ಮುರಿದಿತ್ತು.

"ಆಪರೇಷನ್ ಆಗ್ಲೇಬೇಕು ಅಂದವ್ರೆ ಡಾಕ್ಟ್ರು. ಇವ್ಳು ಒಪ್ತಾನೇ ಇಲ್ಲ" ಎಂದ ಮಂಟಯ್ಯ.

"ನಂಗ್ಯಾಕೆ ಕತ್ರಿ ಚಾಕು? ನೀವು ಕಟ್ಕೊಂಡಂಗೇ ನಂಗೂ ಕಟ್ಬುಡಿ ಸ್ವಾಮಿ" ಎಂದು ಮುದುಕಿ ಸೊಟ್ಟಗಾದ ಕೈ ಚಾಚಿದಳು.

ಷಣ್ಮುಖಪ್ಪ ಎಡಗೈಯಿಂದ ಮುಟ್ಟಿ ನೋಡಿದರು. ತಮ್ಮದು ಮುರಿದಂತೆಯೇ ಮುರಿದಿತ್ತು. ಕಟ್ಟುತ್ತೇನೆ ಎಂದರೆ ಹೆಸರು ಉಳಿಯುತ್ತಿತ್ತು, ಅವಳ ಕೈ ಹೋಗುತ್ತಿತ್ತು. ಅವರಿಗೆ ಆ ಮಾತು ಬಾಯಿಗೆ ಬರಲಿಲ್ಲ. "ಬಿಚ್ಚೇ" ಎಂದು ಹೆಂಡತಿಗೆ ಹೇಳಿದರು.

ದಬ್ಬೆ ಕಳಚಿ ಕೊಳೆತ ಸೊಪ್ಪು ಉದುರಿತು. ಅಡಿಯಲ್ಲಿ ಆಸ್ಪತ್ರೆಯ ಬ್ಯಾಂಡೇಜು, ಅದರೊಳಗೆ ಕೀವು ಒಸರುವ ಹೊಲಿಗೆ. ಮಂಟಯ್ಯ ಮೂಗು ಮುಚ್ಚಿಕೊಂಡ.

"ನಾನೂ ಆಪರೇಷನ್ನೇ ಮಾಡಿಸ್ಕೊಂಡಿದ್ದು ಕಣವ್ವ. ಅದ್ರಿಂದ ಇಂಗಾಗ್ಲಿಲ್ಲ, ಅದ್ನ ಮುಚ್ಚಾಕಕ್ಕೆ ಕಟ್ಟಿಸ್ಕೊಂಡ್ನಲ್ಲ, ಅದ್ರಿಂದ ಆಯ್ತು" ಎಂದರು ಷಣ್ಮುಖಪ್ಪ. ನಾಚಿಕೆಯಿಂದ ನೆಲ ನೋಡುತ್ತಾ ಕೂತರು.

ಚಿಕ್ಕಬೀರಮ್ಮ ಅವರನ್ನೇ ದಿಟ್ಟಿಸಿದಳು.

"ನಿಂಗೆ ಆಸ್ಪತ್ರೆ, ನಮ್ಗೆ ಸೊಪ್ಪಾ?"

ಅವಳ ಬಾಯಲ್ಲಿ ಅವರು ಅಂದು ಮೊದಲ ಬಾರಿಗೆ ಏಕವಚನವಾದರು. ಮುದುಕಿ ಎದ್ದುಹೋಗಿ ಆಟೋ ಹತ್ತಿದಳು. ಹತ್ತಿದವಳು ಒಳಕ್ಕೆ ಸರಿದು ಪಕ್ಕದಲ್ಲಿ ಜಾಗ ಮಾಡಿದಳು.

"ಬಾ, ನಿಂದೂ ತೋರ್ಸಾನ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಷಣ್ಮುಖಪ್ಪ ಹೋಗಿ ಅವಳ ಪಕ್ಕ ಕೂತರು. ಹುಣಸೂರು ಆಸ್ಪತ್ರೆ ಬರುವವರೆಗೂ ಅವಳ ಕಡೆ ತಿರುಗಿ ನೋಡಲಿಲ್ಲ.