ಎಂಬತ್ತು ಕೋಸಿನ ಶನಿವಾರ

ಕಿಮ್ಚಿ, ಅಂದರೆ ಚಳಿಗಾಲಕ್ಕೆಲ್ಲ ಆಗುವಷ್ಟು ಕೋಸಿನ ಉಪ್ಪಿನಕಾಯಿ, ಹಾಕುವ ದಿನವನ್ನು ಒಂದೇ ಒಂದು ವಾರ ಮುಂದಕ್ಕೆ ಹಾಕಿಸಲು ಹ್ಯೆರಿಮ್‌ಗೆ ಸೆಪ್ಟೆಂಬರ್ ತಿಂಗಳಿಡೀ ಹಿಡಿಯಿತು. ಅದೇನು ಹುಡುಗಾಟವಲ್ಲ. ಗೊಯೆಸಾನ್ ಊರಿನ ಅವಳ ಅತ್ತೆಮನೆಯಲ್ಲಿ ಮೂವತ್ತು ವರ್ಷಗಳಿಂದ ನವೆಂಬರಿನ ಮೂರನೆಯ ಶನಿವಾರ ಎಂದರೆ ಎಂಬತ್ತು ಕೋಸಿನ ಶನಿವಾರ. ಗುರುವಾರ ಹೊಲದಿಂದ ಕೊಯ್ದು, ಶುಕ್ರವಾರ ಉಪ್ಪಿಗೆ ಹಾಕಿ, ಶನಿವಾರ ಅಕ್ಕಪಕ್ಕದ ಹೆಂಗಸರೆಲ್ಲ ಕೂಡಿ ಎಲೆಎಲೆಗೂ ಖಾರ ಹಚ್ಚಬೇಕು. ಇವತ್ತು ನಮ್ಮ ಮನೆಗೆ ಅವರು, ಮುಂದಿನ ವಾರ ಅವರ ಮನೆಗೆ ನಾವು. ಒಂದು ಮನೆಯ ದಿನ ಕದಲಿದರೆ ಇಡೀ ಓಣಿಯ ದಿನ ಕದಲುತ್ತದೆ.

ಆದರೂ ಹ್ಯೆರಿಮ್ ಅದನ್ನು ಕದಲಿಸಿದಳು. ಚಂಗ್ಜು ನಗರದ ಒಂದು ಶಾಲೆಯಲ್ಲಿ ಮಕ್ಕಳ ಊಟದ ಮೇಲ್ವಿಚಾರಕಿ ಅವಳು. ಸೋಮವಾರ ದೊಡ್ಡ ತಪಾಸಣೆಯಿದೆ, ಶನಿವಾರ ಅಡುಗೆಮನೆಯನ್ನೆಲ್ಲ ತೊಳೆಸಬೇಕು ಎಂದು ಅತ್ತೆಯ ಕಿವಿಯ ಮೇಲೆ ಮತ್ತೆ ಮತ್ತೆ ಹಾಕಿದಳು. ತಪಾಸಣೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಇದ್ದದ್ದು ಆಟ.

ನಾಲ್ಕು ವರ್ಷದಿಂದ ಅವಳು ಒಂದು ಆನ್‌ಲೈನ್ ಯುದ್ಧದಾಟದಲ್ಲಿ ಎಂಟು ಜನರ ತಂಡದ ನಾಯಕಿ. ಶಾಲೆಯಲ್ಲಿ ಅವಳನ್ನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹೆಂಗಸು ಎಂದುಕೊಂಡವರು ಕಂಪ್ಯೂಟರಿನ ಮುಂದೆ ಅವಳ ದನಿ ಕೇಳಿದ್ದರೆ ಎದ್ದು ನಿಲ್ಲುತ್ತಿದ್ದರು. ಪ್ರತಿ ಸೀಸನ್ ಹನ್ನೆರಡು ವಾರ. ಕೊನೆಯ ಶನಿವಾರ ಮಧ್ಯಾಹ್ನ ಎರಡಕ್ಕೆ ಕೊನೆಯ ಕಾಳಗ. ಮೊದಲ ದಿನ ಕೊಟ್ಟ ಎಂಟು ಹೆಸರುಗಳೇ ಕೊನೆಗೂ ಇರಬೇಕು, ಒಬ್ಬರು ಕಡಿಮೆಯಾದರೂ ಸೋತಂತೆ. ಹಾಗಾಗಿ ಹ್ಯೆರಿಮ್ ಹನ್ನೆರಡು ವಾರದ ಪಟ್ಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಎಂಟು ಜನರ ಬದುಕನ್ನೂ ಅದರೊಳಗೆ ಕೂರಿಸುತ್ತಿದ್ದಳು. ಒಬ್ಬಳ ಮಂಡಿಯ ಚಿಕಿತ್ಸೆ ಸೀಸನ್ ಮುಗಿದ ಮೇಲೆ. ಲಾರಿ ಓಡಿಸುವ ಡೊಂಗುಕ್‌ನ ದೂರದ ಬಾಡಿಗೆಗಳೆಲ್ಲ ವಾರದ ಮಧ್ಯದಲ್ಲಿ. ಈ ಸಲ ಮೊದಲ ನೂರು ತಂಡಗಳೊಳಗೆ ಬರುವ ಅವಕಾಶವಿತ್ತು. ಕಾಳಗ ಬಿದ್ದದ್ದು ನವೆಂಬರ್ ಹದಿನಾರಕ್ಕೆ, ಅದೇ ಮೂರನೆಯ ಶನಿವಾರಕ್ಕೆ. ಅತ್ತೆಯನ್ನು ಒಪ್ಪಿಸಿ ಕಿಮ್ಚಿಯನ್ನು ಇಪ್ಪತ್ತಮೂರಕ್ಕೆ ತಳ್ಳಿದಾಗ ಅವಳಿಗೆ ಕೋಟೆ ಗೆದ್ದಷ್ಟು ಹೆಮ್ಮೆಯಾಯಿತು.

ಹನ್ನೊಂದನೆಯ ತಾರೀಕು, ಸೋಮವಾರ, ಆಟದ ಕಂಪನಿಯವರ ಪ್ರಕಟಣೆ ಬಂತು. ಆಟಗಾರರ ಅನುಕೂಲಕ್ಕಾಗಿ ಸೀಸನ್ನನ್ನು ಒಂದು ವಾರ ವಿಸ್ತರಿಸಲಾಗಿದೆಯಂತೆ. ಕೊನೆಯ ಕಾಳಗ ಇಪ್ಪತ್ತಮೂರಕ್ಕಂತೆ.

ಯಾರ ಅನುಕೂಲ, ಯಾವ ಅನುಕೂಲ? ಹ್ಯೆರಿಮ್ ಆ ಪ್ರಕಟಣೆಯನ್ನು ಐದು ಸಲ ಓದಿದಳು. ಮನುಷ್ಯರಿಗೆ ಮನೆ ಮಠ ಇರುತ್ತದೆ, ದಿನಕ್ಕೊಂದು ಬೆಲೆ ಇರುತ್ತದೆ ಎಂಬ ಅರಿವೇ ಇಲ್ಲದವರು ಎಂದು ಬಾಯಿಗೆ ಬಂದಂತೆ ಬೈದಳು. ಪಟ್ಟಿಯನ್ನು ಕಿತ್ತು ಮುದುರಿ ಎಸೆದಳು. ಆಮೇಲೆ ಎತ್ತಿಕೊಂಡು ಬಂದು ಮತ್ತೆ ಬಿಡಿಸಿದಳು.

ಅತ್ತೆಗೆ ಫೋನ್ ಮಾಡಿ, ತಪಾಸಣೆ ಮುಂದಕ್ಕೆ ಹೋಯಿತು, ಕಿಮ್ಚಿ ಹಳೆಯ ದಿನವೇ ಇಟ್ಟುಕೊಳ್ಳೋಣ ಎಂದಳು. ಆ ಶನಿವಾರವನ್ನು ಪಕ್ಕದ ಮನೆಯವರಿಗೆ ಕೊಟ್ಟಾಯಿತು, ಇನ್ನು ಆಗುವುದಿಲ್ಲ ಎಂದು ಹೇಳಿ ಅತ್ತೆ ಫೋನ್ ಇಟ್ಟರು.

ಸರಿ, ಕಳ್ಳದಾರಿಯೊಂದೇ ಉಳಿಯಿತು. ಇಪ್ಪತ್ತಮೂರರ ಬೆಳಿಗ್ಗೆ ಅತ್ತೆಮನೆಗೆ ಹೊರಡುವಾಗ ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟಳು. ಎರಡಕ್ಕೆ ಕಾಲು ಗಂಟೆ ಇರುವಾಗ ಹೊಟ್ಟೆನೋವೆಂದು ಎದ್ದು ಹಿಂದಿನ ಕೋಣೆ ಸೇರಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಅಂಗಳದ ದೊಡ್ಡ ಚಾಪೆಯ ನಟ್ಟನಡುವೆ ಅವಳನ್ನು ಕೂರಿಸಿದರು. ಎಡಕ್ಕೆ ಮೂವರು, ಬಲಕ್ಕೆ ಮೂವರು, ಮುಂದೆ ಕೋಸಿನ ಗುಡ್ಡ. ಅವಳು ಏಳಲು ಹೊರಟಾಗಲೆಲ್ಲ ಯಾರಾದರೂ ಇನ್ನೊಂದು ಕೋಸನ್ನು ತಂದು ಅವಳ ಮಡಿಲಿಗೆ ಇಡುತ್ತಿದ್ದರು.

ಎರಡಕ್ಕೆ ಹತ್ತು ನಿಮಿಷವಿದ್ದಾಗ ಮೆಟ್ಟಿಲ ಮೇಲಿಟ್ಟಿದ್ದ ಅವಳ ಫೋನ್ ಹೊಡೆದುಕೊಂಡಿತು. ಅವಳ ಕೈಗವಸೆಲ್ಲ ಖಾರ. ಅತ್ತೆ ಫೋನ್ ಎತ್ತಿಕೊಂಡು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು. ಏನೂ ಕಾಣದೆ ಎಲ್ಲೆಲ್ಲೋ ಒತ್ತಿದರು. ಡೊಂಗುಕ್‌ನ ದನಿ ಅಂಗಳಕ್ಕೆಲ್ಲ ಕೇಳಿಸಿತು.

"ಅಕ್ಕಾ, ಏಳು ಜನ ಕೂತಿದೀವಿ. ನೀವೊಬ್ರು ಬರ್ಲಿಲ್ಲಾಂದ್ರೆ ಸೋತ್ರು ಅಂತ ಬರ್ಕೋತಾರೆ. ಇದಕ್ಕೋಸ್ಕರ ನಾನು ಬುಸಾನ್ ಬಾಡಿಗೆ ಬಿಟ್ಟಿದೀನಿ. ಎಲ್ಲಿದೀರಾ?"

ಹೆಂಗಸರ ಕೈಗಳು ನಿಂತವು. ಸೊಸೆಯನ್ನು ಯಾವಾಗಲೂ ಮೊಮ್ಮಗಳ ಹೆಸರು ಹಿಡಿದೇ ಕರೆಯುವ ಅತ್ತೆ ಕೇಳಿದರು, "ಸೊಯುಲ್ ಅಮ್ಮಾ, ಎಲ್ಲಿಗೆ ಹೋಗ್ಬೇಕಿತ್ತು ನೀನು?"

ಇನ್ನೊಂದು ಸುಳ್ಳು ಹೇಳಬಹುದಿತ್ತು. ಹ್ಯೆರಿಮ್‌ಗೆ ಸಾಕಾಗಿತ್ತು. "ಆಟ ಅತ್ತೆ, ಕಂಪ್ಯೂಟರ್ ಆಟ. ಹೋದ ಶನಿವಾರನೂ ಅದಕ್ಕೇ ಬೇಡ ಅಂದಿದ್ದು. ತಪಾಸಣೆ ಇರ್ಲಿಲ್ಲ."

ಅತ್ತೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವರು ಫೋನನ್ನು ಮೆಲ್ಲಗೆ ಕೆಳಗಿಟ್ಟರು.

"ಮೊನ್ನೆ ಬುಧವಾರ ನನ್ನ ಕಣ್ಣಿನ ಆಪರೇಷನ್ ಇತ್ತು. ಕಿಮ್ಚಿ ಮುಗಿಸ್ಕೊಂಡು ಹೋಗೋಣಾಂತ ಇದ್ದೆ, ಆಮೇಲೆ ಒಂದು ತಿಂಗಳು ಖಾರದ ಹತ್ರ ಸುಳೀಬಾರ್ದಂತೆ. ನೀನು ದಿನ ಮುಂದಕ್ಕೆ ಹಾಕಿಸ್ದೆ, ನಾನು ಕಣ್ಣು ಮುಂದಕ್ಕೆ ಹಾಕ್ದೆ. ಇನ್ನು ಫೆಬ್ರವರಿಗಂತೆ."

ಹ್ಯೆರಿಮ್ ಬೇಡವೆಂದರೂ ಅವಳ ತಲೆ ಲೆಕ್ಕ ಹಾಕಿತು. ಹದಿನಾರಕ್ಕೆ ಕಿಮ್ಚಿ, ಇಪ್ಪತ್ತಕ್ಕೆ ಕಣ್ಣು, ಇಪ್ಪತ್ತಮೂರಕ್ಕೆ ಕಾಳಗ. ಅವಳು ಬಾಯಿ ಮುಚ್ಚಿಕೊಂಡು ಸುಮ್ಮನಿದ್ದಿದ್ದರೆ ಮೂರೂ ಸಲೀಸಾಗಿ ನಡೆಯುತ್ತಿದ್ದವು.

"ನನಗೆ ಹೇಳ್ಬಾರ್ದಿತ್ತಾ ಅತ್ತೆ?"

"ನೀನು ಹೇಳಿದ್ಯಾ? ಆಟ ಅಂತ ನಿಜ ಹೇಳಿದ್ರೆ ನಾನು ದಿನ ಬದಲಾಯಿಸ್ತಾನೇ ಇರ್ಲಿಲ್ಲ. ಎಲ್ಲಾ ನೆಟ್ಟಗಿರ್ತಿತ್ತು." ಅತ್ತೆ ಗೇಟಿನ ಕಡೆ ಕೈ ತೋರಿಸಿದರು. "ಹೋಗು. ಇಬ್ಬರಲ್ಲಿ ಒಬ್ಬರಿಗಾದ್ರೂ ಏನಾದ್ರೂ ಸಿಗ್ಲಿ."

ಅವಳು ಕೈಗವಸು ಕಿತ್ತೆಸೆದು ಓಡಿದಳು. ಗೇಟಿನ ಹೊರಗೆ ಕಾರು ಇರಲಿಲ್ಲ. ಕೆಲಸ ಮುಗಿದ ಮೇಲಿನ ಊಟಕ್ಕೆ ಹಂದಿಮಾಂಸ ತರಲು ಗಂಡ ಗಿತೆ ಅದನ್ನು ಪೇಟೆಗೆ ತೆಗೆದುಕೊಂಡು ಹೋಗಿದ್ದ. ಲ್ಯಾಪ್‌ಟಾಪ್ ಕಂಬಳಿ ಹೊದ್ದು ಅವನ ಜೊತೆಗೇ ಹೋಗಿತ್ತು. ಹ್ಯೆರಿಮ್ ರಸ್ತೆಯ ನಡುವೆ ನಿಂತು ಸಿಟ್ಟಿನಿಂದ ಅತ್ತಳು.

ಒಳಗೆ ಬಂದಾಗ ಫೋನಿನಲ್ಲಿ ಡೊಂಗುಕ್ ಇರಲಿಲ್ಲ. ಯಾರೂ ಅವಳ ಮುಖ ನೋಡಲಿಲ್ಲ, ಅವಳ ಜಾಗವನ್ನು ಮಾತ್ರ ಹಾಗೇ ಬಿಟ್ಟಿದ್ದರು. ಅವಳು ಕೈಗವಸು ಹಾಕಿಕೊಂಡು ಕುಳಿತಳು. ಅತ್ತೆ ತಾವು ಖಾರ ಹಚ್ಚಿ ಮುಗಿಸಿದ ಕೋಸೊಂದನ್ನು ಅವಳ ಕಡೆ ಚಾಚಿದರು.

"ಸರಿಯಾಗಿ ಹತ್ತಿದೆಯಾ ನೋಡು. ನನಗೆ ಕಾಣಲ್ಲ."

ಹ್ಯೆರಿಮ್ ಎಲೆಗಳನ್ನು ಬಿಡಿಸಿ ನೋಡಿದಳು. ಒಳಗೆಲ್ಲ ಬೆಳ್ಳಗೆ ಹಾಗೇ ಇತ್ತು.

"ಹತ್ತಿಲ್ಲ ಅತ್ತೆ," ಎಂದು ಅದನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.